ಹೊಲವೇ ಸೆರೆಮನೆಯಾದಾಗ



ಪುಂಡ ಹುಡುಗರನ್ನು ತಿದ್ದಲೆಂದು ಊರಾಚೆಯ ತೋಟಕ್ಕೆ ಕಳುಹಿಸುವ ಪ್ರಸಂಗ ಅಮೆರಿಕದ ಸೂಪರ್‌ಹೀರೋ ಚಿತ್ರಕಥೆಗಳಲ್ಲಿ ಬರುತ್ತದೆ. ಹಿರೇಬೆಂಡಿಗೇರಿಯ ಹುಡುಗ ಅದನ್ನೋದಿದರೆ ನಕ್ಕಾನು. ರವಿವಾರ ಅಪ್ಪನೊಡನೆ ಗೋವಿನಜೋಳದ ಹೊಲದಲ್ಲಿ ಕಳೆ ತೆಗೆಯುವುದು ಅವನಿಗೆ ಮನೆಗೆಲಸ. ಕಥೆಯಲ್ಲಿ ಅದೇ ಶಿಕ್ಷೆ!

ಆದರೆ ಇದು ಬರೀ ಕಟ್ಟುಕಥೆಯಲ್ಲ. 1840ರಲ್ಲಿ ಫ್ರಾನ್ಸಿನ ತೂರ್ ನಗರದ ಬಳಿ, ಮೆತ್ರೆ ಎಂಬಲ್ಲಿ, ಬಾಲಾಪರಾಧಿಗಳ ಬೇಸಾಯದ ವಸಾಹತು ಆರಂಭವಾಯಿತು. ಮಣ್ಣಿನ ಕೆಲಸ ಮನಸ್ಸನ್ನು ತಿದ್ದುತ್ತದೆಂಬ ನಂಬಿಕೆ ಅದರದು. ಸುತ್ತ ಗೋಡೆ ಇರಲಿಲ್ಲ. ಕಾವಲು ಮಾತ್ರ ಗಳಿಗೆಗಳಿಗೆಗೂ ಇತ್ತು. ಇಂಗ್ಲೆಂಡಿನಲ್ಲಿ 1902ರ ಹೊತ್ತಿಗೆ ಕೆಂಟ್ ಸೀಮೆಯ ಬೋರ್ಸ್ಟಲ್ ಹಳ್ಳಿಯಲ್ಲಿ ತರುಣ ಕೈದಿಗಳಿಗೆ ಪ್ರತ್ಯೇಕ ವ್ಯವಸ್ಥೆಯಾಯಿತು. ಆ ಹಳ್ಳಿಯ ಹೆಸರೇ ನಮ್ಮಲ್ಲಿಗೂ ಬಂತು. 1929ರಲ್ಲಿ ಮುಂಬಯಿ ಪ್ರಾಂತ ಬೋರ್ಸ್ಟಲ್ ಶಾಲೆಗಳ ಕಾಯ್ದೆ ಮಾಡಿತು. ಶಿಗ್ಗಾವಿ ಸೀಮೆ ಆಗ ಅದೇ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಧಾರವಾಡದಲ್ಲಿ ಅಂಥದೊಂದು ಶಾಲೆಯೂ ನಡೆಯಿತು.

ವಿಜ್ಞಾನ ಓದಿದ ನನಗೆ ಇಲ್ಲೊಂದು ಸಂಶಯ. ಬಿಡುಗಡೆಯಾದ ಹುಡುಗ ಸರಿಹೋದರೆ ಅದು ಹೊಲದ ಗುಣವೋ, ವಯಸ್ಸು ಬಲಿತ ಗುಣವೋ? ಹೊಲಕ್ಕೆ ಹೋಗದ ಅಂಥವೇ ಹುಡುಗರ ಇನ್ನೊಂದು ಗುಂಪಿನೊಡನೆ ಹೋಲಿಸದೆ ಹೇಳುವಂತಿಲ್ಲ.

ಚಿತ್ರಕಥೆಗಾರರಿಗೂ ಈ ಸಂಶಯ ಇದ್ದಿರಬಹುದು! ಜೋ ಸೈಮನ್, ಜ್ಯಾಕ್ ಕರ್ಬಿ 1942ರಲ್ಲಿ ರಚಿಸಿದ ಕಥೆಯೊಂದರಲ್ಲಿ, ಪತ್ರಿಕೆ ಮಾರುವ ನಾಲ್ವರು ಅನಾಥ ಹುಡುಗರು ಸುಧಾರಣಾ ಶಾಲೆಯ ಬಾಗಿಲಲ್ಲಿರುತ್ತಾರೆ. ಜಿಮ್ ಹಾರ್ಪರ್ ಎಂಬ ಪೊಲೀಸಿನವನು ಅವರ ಹೊಣೆ ಹೊತ್ತು ಬಿಡಿಸಿಕೊಳ್ಳುತ್ತಾನೆ. ವೇಷ ತೊಟ್ಟು ಖಳರೊಡನೆ ಸೆಣಸುವ 'ಗಾರ್ಡಿಯನ್' ಅವನೇ. ತಮಾಷೆಯೆಂದರೆ, 1954ರಲ್ಲಿ ಅಮೆರಿಕದ ಸೆನೆಟ್ ಸಮಿತಿ, ಮಕ್ಕಳನ್ನು ಕೆಡಿಸುವುದು ಚಿತ್ರಕಥೆಗಳೇ ಇರಬಹುದೇ ಎಂದು ವಿಚಾರಣೆ ನಡೆಸಿತು!

ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಹಾರ್ಪರನ ದಾರಿಗೆ ಹತ್ತಿರವಿದೆ. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜಸೇವಕರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಬುದ್ಧಿ ಹೇಳಿ ತಂದೆತಾಯಿಯೊಡನೆ ಮನೆಗೆ ಕಳುಹಿಸಬಹುದು, ಸಮಾಜಸೇವೆ ಮಾಡಿಸಬಹುದು; ವಿಶೇಷ ಗೃಹದಲ್ಲಿಡುವುದಾದರೆ ಹೆಚ್ಚೆಂದರೆ 3 ವರ್ಷ. ಘೋರ ಅಪರಾಧವಾಗಿದ್ದರೆ 16 ದಾಟಿದವರನ್ನು ದೊಡ್ಡವರಂತೆ ವಿಚಾರಣೆಗೆ ಒಪ್ಪಿಸಲೂ ಅವಕಾಶವಿದೆ. ಇದು ಅನೇಕರಿಗೆ ಒಪ್ಪಿಗೆಯಿಲ್ಲ, ನನಗೂ ಇಲ್ಲ.

ಚಿತ್ರಕಥೆಯ ಖಳನಾಯಕನ ಕಡತ ಮುಚ್ಚುವುದೇ ಇಲ್ಲ. ಮುಚ್ಚಿದರೆ ಮುಂದಿನ ಸಂಚಿಕೆ ಎಲ್ಲಿಂದ ಬರಬೇಕು? ಕಾಯ್ದೆ ಹಾಗಲ್ಲ. ಅಂಥ ಮಗುವಿನ ಹೆಸರು, ಮುಖ, ಶಾಲೆ ಯಾವುದನ್ನೂ ಪತ್ರಿಕೆಯಾಗಲಿ ನಮ್ಮ ಟೀವಿಯಾಗಲಿ ಬಯಲು ಮಾಡುವಂತಿಲ್ಲ. ಅವಧಿ ತೀರಿದ ಮೇಲೆ ಸಾಮಾನ್ಯವಾಗಿ ದಾಖಲೆಗಳನ್ನೇ ನಾಶಪಡಿಸಬೇಕು. ಅಂಥವನೊಬ್ಬ ಈ ವರ್ಷ ನಿಮ್ಮ ಪಕ್ಕದ ಬೆಂಚಿನಲ್ಲೇ ಕುಳಿತಿರಬಹುದು.