ಬೀಗರ ತಟ್ಟೆಗೆ ಜೋಳದ ರೊಟ್ಟಿ



ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ನಮ್ಮ ಮನೆಗಳಲ್ಲಿ ಕಾಳುಗಳಿಗೆ ಎರಡೆರಡು ಹೆಸರು. ಅಡುಗೆಮನೆಯಲ್ಲಿ ಜೋಳ, ಸಂತೆಯಲ್ಲಿ ಜೊನ್ನಲು. ಇಲ್ಲಿ ನವಣೆ, ಅಲ್ಲಿ ಕೊರ್ರಲು. ಇಲ್ಲಿ ಸಾವೆ, ಅಲ್ಲಿ ಸಾಮಲು. ಹೆಸರು ಎರಡಾದರೂ ಕಾಳು ಒಂದೇ. ಈ ಕಾಳಿನ ಊಟಕ್ಕೆ ಪೇಟೆಯಲ್ಲಿ ಹೋಟೆಲು ಯಾಕೆ ಬೇಕು ಎಂಬುದೇ ಇಂದಿನ ಮಾತು.

ನಮ್ಮಲ್ಲೊಂದು ರೂಢಿ ಇದೆ. ದಿನಾ ರೊಟ್ಟಿ ತಿನ್ನುವ ಮನೆಯಲ್ಲೂ ಬೀಗರು ಬಂದರೆ ಅನ್ನಕ್ಕೆ ಎಸರಿಡುತ್ತಾರೆ. ಬರೀ ರೊಟ್ಟಿ ಹಾಕಿ ಕಳಿಸಿದರು ಅಂದಾರು ಎಂಬ ಅಂಜಿಕೆ. 1983ರಲ್ಲಿ ಆಂಧ್ರಪ್ರದೇಶ ಸರಕಾರ ಎರಡು ರೂಪಾಯಿಗೆ ಕಿಲೋ ಅಕ್ಕಿ ಕೊಡತೊಡಗಿತು. ಹಸಿದ ಹೊಟ್ಟೆಗೆ ಅದು ದೊಡ್ಡ ಆಸರೆ, ಇಲ್ಲವೆನ್ನಲಾಗದು. ಹೆಂಗಸರ ದುಡಿಮೆಯನ್ನೂ ನೆನೆಯಬೇಕು. ನವಣೆ, ಸಾವೆಗಳ ಹೊಟ್ಟು ಬಿಡಿಸಲು ಒನಕೆ ಹಿಡಿದು ಕುಟ್ಟಬೇಕಿತ್ತು; ಅಕ್ಕಿಯಾದರೆ ತೊಳೆದು ಇಟ್ಟರಾಯಿತು. ಸೊಸೆಯಂದಿರು ಅಕ್ಕಿಯ ಕಡೆ ತಿರುಗಿದ್ದು ತಪ್ಪೇನಲ್ಲ. ಆದರೆ ತಿನ್ನುವವರು ಕಡಿಮೆಯಾದಂತೆ ಬಿತ್ತುವವರೂ ಕಡಿಮೆಯಾದರು. ಕೆಲವು ವರ್ಷ ಬಿತ್ತದೆ ಬಿಟ್ಟರೆ ಮನೆಯ ಬೀಜವೇ ಇಲ್ಲವಾಗುತ್ತದೆ.

ಅದೇ 1983ರಲ್ಲಿ ಜಹೀರಾಬಾದ್ ಭಾಗದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ. ವಿ. ಸತೀಶ್ ಮೈಸೂರಿನವರು, 2023ರ ಮಾರ್ಚಿನಲ್ಲಿ ತೀರಿಕೊಂಡರು. ಊರೂರಿನ ಬಡ ಹೆಂಗಸರು, ಹೆಚ್ಚಿನವರು ದಲಿತರು, ಅದರ ಸಂಘಗಳಲ್ಲಿ ಸೇರಿದರು. ಬೂದಿ, ಬೇವಿನೆಲೆ ಬೆರೆಸಿ ಬೀಜ ಕಾಪಾಡಿದರು. 1990ರ ದಶಕದಲ್ಲಿ ಬೀಳುಬಿದ್ದ ಹೊಲಗಳಲ್ಲಿ ಜೋಳ ಬೆಳೆಸಿ, ಆ ಕಾಳನ್ನು ಊರಲ್ಲೇ ಕೂಡಿಟ್ಟು, ಕೆಲಸವಿಲ್ಲದ ದಿನಗಳಲ್ಲಿ ಬಡವರಿಗೆ ಅಗ್ಗದ ದರದಲ್ಲಿ ಕೊಟ್ಟರು. ಅಕ್ಕಿಯ ರೇಷನ್ ಪಕ್ಕದಲ್ಲಿ ಜೋಳದ ರೇಷನ್!

ಬೀಜ ಉಳಿದರೆ ಸಾಲದು, ತಿನ್ನುವ ಬಾಯಿಯೂ ಬೇಕು. ಅದಕ್ಕೇ ಈ ಸೊಸೈಟಿ ಜಹೀರಾಬಾದ್ ಪೇಟೆಯಲ್ಲಿ 'ಕೆಫೆ ಎಥ್ನಿಕ್' ಎಂಬ ಹೋಟೆಲು ತೆರೆಯಿತು. ಜೋಳ, ನವಣೆ, ಸಾವೆಯಂಥ ಕಾಳುಗಳ ಊಟ ತಿಂಡಿಗಳೇ ಅಲ್ಲಿನ ವಿಶೇಷ. ಬೀಗರ ಮುಂದೆ ಮುಚ್ಚಿಡುತ್ತಿದ್ದ ಊಟವನ್ನು ಪೇಟೆಯವರು ಮೇಜಿನ ಮುಂದೆ ಕೂತು, ದುಡ್ಡು ಕೊಟ್ಟು ಉಂಡರು. ಒಂದು ಹೋಟೆಲು ಊರೆಲ್ಲರ ಹೊಟ್ಟೆ ತುಂಬಿಸಲಾರದು. ಆದರೆ ನಾಚಿಕೆಯನ್ನು ಕಳೆಯಬಲ್ಲದು.

ಇಂಥ ಅಡುಗೆಗೆ ಹೊಲವೇ ಪಂಚಾಂಗ. ಕಾಳು ವರ್ಷವಿಡೀ ಇರುತ್ತದೆ, ಸೊಪ್ಪು ಕಾಯುವುದಿಲ್ಲ. ಮಳೆಗಾಲದಲ್ಲಿ ಬಿತ್ತದೆ ಬರುವ ಹೊನಗೊನ್ನೆ, ತುಂಬೆ, ಚೆಂಚಲಿ. ಪೇಟೆಯವರು ಕಳೆ ಎಂದದ್ದು ನಮಗೆ ಪಲ್ಯ. ಚಳಿಯಲ್ಲಿ ಎಳೆಗಡಲೆಯ ಸೊಪ್ಪು. ಎಳ್ಳಮಾಸಿಗೆ ಹೊಲದ ಹಸಿಕಾಳು, ಸೊಪ್ಪು ಕೂಡಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಬೇಸಿಗೆಯಲ್ಲಿ ಒಣರೊಟ್ಟಿ, ಅಗಸಿ ಹಿಂಡಿ, ಉಳ್ಳಾಗಡ್ಡಿ. ಬೇಳೆಗಂತೂ ನಮ್ಮ ಸೀಮೆ ಹೆಸರುವಾಸಿ. ಕಲಬುರಗಿ ತೊಗರಿಗೆ 2019ರಲ್ಲಿ, ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಗೆರೆಯ ಎರಡೂ ಕಡೆ ಒಂದೇ ತೊಗರಿಯ ಕೀರ್ತಿ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಈಗ ನಗರಗಳ ಅಂಗಡಿಗಳಲ್ಲಿ ನವಣೆ ಅಂದವಾದ ಚೀಲದಲ್ಲಿ ಕೂತಿದೆ. ಸಂತೋಷ. ಆದರೆ ಕಾಳೆಲ್ಲ ನಗರಕ್ಕೆ ಹೋಗಿ, ಬೆಳೆದವರ ಒಲೆಯ ಮೇಲೆ ರೇಷನ್ ಅಕ್ಕಿಯೊಂದೇ ಬೆಂದರೆ ಅದು ಅರ್ಧ ಗೆಲುವು. ಕುಟ್ಟುವ ಕಷ್ಟ ಕಳೆಯುವ ಸಣ್ಣ ಯಂತ್ರ ಊರಿಗೆ ಬರಬೇಕು. ಬೆಳೆದವರಿಗೆ ಸರಿಯಾದ ಬೆಲೆ ಸಿಗಬೇಕು. ಬಸ್ ನಿಲ್ದಾಣದ ಹೋಟೆಲಿನ ಯಜಮಾನರು ವಾರಕ್ಕೊಮ್ಮೆಯಾದರೂ ಆ ಋತುವಿನ ಪಲ್ಯ, ರೊಟ್ಟಿ ಬಡಿಸಬೇಕು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಅವರನ್ನು ಕಾಯುತ್ತ ಕೂಡುವುದು ಬೇಡ. ಮುಂದಿನ ಸಲ ಬೀಗರು ಬಂದಾಗ ಅನ್ನದ ಜೊತೆ ಬಿಸಿರೊಟ್ಟಿಯನ್ನೂ ಬಡಿಸಿ. 'ಜೊನ್ನ ರೊಟ್ಟೆ' ಎಂದು ಹೇಳಿ, 'ಜೋಳದ ರೊಟ್ಟಿ' ಎಂದು ಹೇಳಿ. ಹೇಗೆ ಹೇಳಿದರೂ ತಲೆ ಎತ್ತಿ ಹೇಳಿ.