ಗಜ್ಜಲಹಟ್ಟಿಯ ದಾರಿ, ದಿಂಬದ ದಾರಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಗಡಿನಾಡಿನಲ್ಲಿ ಕನ್ನಡದ ಸ್ಥಿತಿಗತಿಗಳನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ಅಪ್ಪಣೆ ಕೊಡಿಸಿದ್ದರು. ಆ ವಿಷಯವನ್ನು ಈ ವೇದಿಕೆಯ ಮೇಲೆ ನಮಗಿಂತಲೂ ಬಲ್ಲವರು ಅನೇಕ ಸಲ ಹೇಳಿದ್ದಾರೆ. ಆದುದರಿಂದ ನಾವು ಇಂದು ಒಂದು ದಾರಿಯ ಕಥೆಯನ್ನು ಹೇಳಲು ತಮ್ಮ ಅನುಮತಿಯನ್ನು ಬೇಡುತ್ತೇವೆ. ತಾವೆಲ್ಲರೂ ಆ ದಾರಿಯಲ್ಲಿ ನೂರು ಸಲ ಓಡಾಡಿದವರೇ. ಚಾಮರಾಜನಗರವನ್ನು ಬಿಟ್ಟು ಪುಣಜನೂರನ್ನು ದಾಟಿ, ಕಾರಾಪಳ್ಳದಲ್ಲಿ ತಮಿಳುನಾಡನ್ನು ಹೊಕ್ಕು, ಹಾಸನೂರು, ದಿಂಬಗಳ ಮೇಲೆ ಹಾದು, ಇಪ್ಪತ್ತೇಳು ತಿರುವುಗಳನ್ನಿಳಿದು ಬಣ್ಣಾರಿ ಅಮ್ಮನ ಸನ್ನಿಧಿಯನ್ನು ಸೇರಿ, ಅಲ್ಲಿಂದ ಸತ್ಯಮಂಗಲಕ್ಕೆ ಹೋಗುವ ದಾರಿ ಅದು.

ಆದರೆ ಮೈಸೂರಿನಿಂದ ಕೊಯಮತ್ತೂರಿನ ಬಯಲಿಗೆ ಇಳಿಯುವ ಪ್ರಾಚೀನ ರಾಜಮಾರ್ಗ ಇದಲ್ಲ. ಆ ಹಳೆಯ ದಾರಿ ಇದರ ಪಡುವಣಕ್ಕೆ, ತಲಮಲೆಯ ಆಚೆ, ಮೋಯಾರು ಹೊಳೆಯ ಕಣಿವೆಯಲ್ಲಿತ್ತು. ಅದಕ್ಕೆ ಗಜ್ಜಲಹಟ್ಟಿಯ ಕಣಿವೆಯೆಂದು ಹೆಸರು. ಹಟ್ಟಿ ಎಂಬ ಮಾತಿಗೆ ನಿಘಂಟನ್ನು ತೆರೆಯಬೇಕಾದುದಿಲ್ಲ. ದನಕಾಯುವವರು ಮನೆ ಕಟ್ಟಿಕೊಂಡ ಎಡೆಯೇ ಹಟ್ಟಿ. ಕಣಿವೆಯನ್ನಿಳಿದವನಿಗೆ ಮೋಯಾರು ಭವಾನಿಗಳ ಸಂಗಮದ ಬಳಿ ದಣ್ಣಾಯಕನ ಕೋಟೆ ಎದುರಾಗುತ್ತಿತ್ತು. ಹೊಯ್ಸಳ ಮೂರನೆಯ ಬಲ್ಲಾಳನ ಕಾಲದಲ್ಲಿ ತೆರಕಣಾಂಬಿಯ ಸೀಮೆಯನ್ನು ಆಳಿಕೊಂಡಿದ್ದ ಮಾಧವ ದಣ್ಣಾಯಕನ ಮನೆತನಕ್ಕೆ ಈ ಕೋಟೆಯ ಹೆಸರು ಸಲ್ಲುತ್ತದೆ. ಹಿಮವದ್ಗೋಪಾಲಸ್ವಾಮಿ ಬೆಟ್ಟದ ದೇವಾಲಯವನ್ನು ಕಟ್ಟಿಸಿದವನೂ ಆತನೇ ಎಂಬುದು ಪ್ರತೀತಿ. ಮುಂದೆ ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಎಂದರೆ 1638ರಿಂದ 1659ರ ಒಳಗೆ, ಕೋಟೆಯೂ ಸತ್ಯಮಂಗಲವೂ ಮಧುರೆಯ ನಾಯಕರ ಕೈಯಿಂದ ಮೈಸೂರಿಗೆ ಸೇರಿದುವು.

ಈ ದಾರಿಯ ಬೆಲೆ ಜಗತ್ತಿಗೆ ತಿಳಿದುದು 1790ರಲ್ಲಿ. ಆಂಗ್ಲರ ಸೇನಾಧಿಪತಿ ಮೆಡೋಸನು ಕೊಯಮತ್ತೂರನ್ನು ಹಿಡಿದುಕೊಂಡು, ಗಜ್ಜಲಹಟ್ಟಿಯನ್ನು ಹತ್ತಿ ಮೈಸೂರಿಗೆ ನುಗ್ಗುವ ಹವಣಿಕೆಯಲ್ಲಿದ್ದನು. ಅವನ ಅಧೀನದ ಕರ್ನಲ್ ಫ್ಲಾಯ್ಡನು ಸತ್ಯಮಂಗಲದಲ್ಲಿ ಬೀಡುಬಿಟ್ಟು ಕಣಿವೆಯ ಬಾಯನ್ನು ಕಾಯುತ್ತಿದ್ದನು. ಅವರು ಹತ್ತುವ ಮುನ್ನವೇ ಟಿಪ್ಪುಸುಲ್ತಾನನು ಅದೇ ದಾರಿಯಲ್ಲಿ ದಂಡಿನೊಡನೆ ಇಳಿದು ಬಂದನು. ಸೆಪ್ಟೆಂಬರ್ 13ರಂದು ಸತ್ಯಮಂಗಲದ ಬಳಿ ಘೋರವಾದ ಕಾಳಗ ನಡೆದು, ಫ್ಲಾಯ್ಡನು ಹಿಮ್ಮೆಟ್ಟಬೇಕಾಯಿತು. ಗಜ್ಜಲಹಟ್ಟಿಯ ಮೂಲಕ ಮೈಸೂರನ್ನು ಸೇರುವ ಅವರ ಯೋಜನೆ ಅಲ್ಲಿಗೇ ನಿಂತಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಸೀಮೆ ಕಂಪನಿಯ ಪಾಲಾಯಿತು. ದಂಡುಗಳ ಓಡಾಟ ನಿಂತಿತು. ಕಾಲಕ್ರಮದಲ್ಲಿ ಸಂಚಾರವೆಲ್ಲವೂ ಹಾಸನೂರಿನ ಘಟ್ಟಕ್ಕೆ ತಿರುಗಿ, ಗಜ್ಜಲಹಟ್ಟಿಯ ದಾರಿಯನ್ನು ಕಾಡು ನುಂಗಿತು. ಕಾಡು ಬಿಟ್ಟುದನ್ನು ನೀರು ತೆಗೆದುಕೊಂಡಿತು. 1955ರಲ್ಲಿ ಭವಾನಿಸಾಗರದ ಅಣೆಕಟ್ಟು ಪೂರ್ಣವಾದಾಗ ದಣ್ಣಾಯಕನ ಕೋಟೆ ಜಲಾಶಯದ ಒಡಲನ್ನು ಸೇರಿತು. ನೀರು ಬಹಳ ತಗ್ಗಿದ ವರ್ಷಗಳಲ್ಲಿ ಅಲ್ಲಿಯ ಗುಡಿಯ ಕಲ್ಲುಗಳು ಹೊರಕ್ಕೆ ಕಾಣುತ್ತವೆ. ಆಗ ನೋಡಲು ಹೋಗುವವರಲ್ಲಿ ದಣ್ಣಾಯಕನೆಂದರೆ ಯಾರೆಂದು ಬಲ್ಲವರು ಎಷ್ಟು ಮಂದಿ!

ಇನ್ನು ಹೊಸ ದಾರಿಯ ಮಾತು. ಕೊಳ್ಳೇಗಾಲವು 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಆ ಕಾಲದಲ್ಲಿ ಘಟ್ಟದ ಮೇಲಣ ಕನ್ನಡಿಗನಿಗೂ ಜಿಲ್ಲೆಯ ಕಚೇರಿಗೂ ಹಾಸನೂರಿನ ದಾರಿಯೇ ಸಂಬಂಧವಾಗಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂದಿತು. ತಾಳವಾಡಿಯ ಫಿರ್ಕಾ ಮದರಾಸಿನಲ್ಲಿಯೇ ಉಳಿಯಿತು. ದಾರಿ ಒಂದೇ, ನಡುವೆ ಗೆರೆ ಬಿದ್ದಿತು. 1979ರಲ್ಲಿ ನಮ್ಮ ಜಿಲ್ಲೆಯ ಹೆಸರು ಪೆರಿಯಾರ್ ಎಂದಾಗಿ, ಮುಂದೆ ಈರೋಡು ಎಂದಾಯಿತು. ಈಗ ತಾಳವಾಡಿಯೇ ಒಂದು ತಾಲ್ಲೂಕು. ದಾರಿಗೂ ಹೆಸರುಗಳು ಬದಲಾದುವು. ಬೆಂಗಳೂರು, ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಮೂಲಕ ಬಂದು ಘಟ್ಟವಿಳಿದು ದಿಂಡಿಗಲ್ಲಿನವರೆಗೆ ಹೋಗುತ್ತಿದ್ದ 209ನೆಯ ರಾಷ್ಟ್ರೀಯ ಹೆದ್ದಾರಿಯ ಒಂದು ತುಂಡಾಗಿತ್ತು ಇದು. 2010ರ ಮರುಸಂಖ್ಯೆಯಲ್ಲಿ ಕೊಯಮತ್ತೂರಿನವರೆಗಿನ ಭಾಗ 948 ಎನಿಸಿತು.

ಕಬ್ಬಿನ ಲಾರಿಗಳನ್ನು ತಡೆದು ತಮ್ಮ ಪಾಲನ್ನು ಎಳೆದುಕೊಳ್ಳುವ ಕಾರಾಪಳ್ಳದ ಆನೆಗಳನ್ನು ತಾವು ಕಂಡಿದ್ದೀರಿ. ಸುಂಕದ ಕಟ್ಟೆಯವರಿಗಿಂತ ಅವು ಮೇಲೆಂದೇ ನಮ್ಮ ಮತ. ತಮಗೆ ಬೇಕಾದಷ್ಟನ್ನು ತಿಂದು ದಾರಿ ಬಿಡುತ್ತವೆ. 2013ರಲ್ಲಿ ಇಲ್ಲಿಯ ಕಾಡು ಹುಲಿಗಳ ರಕ್ಷಿತಾರಣ್ಯವಾಯಿತು. ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದರಿಂದ 2019ರಲ್ಲಿ ಜಿಲ್ಲಾಧಿಕಾರಿಗಳು ರಾತ್ರಿಯ ಸಂಚಾರವನ್ನು ನಿರ್ಬಂಧಿಸಿ ಪ್ರಕಟಣೆ ಹೊರಡಿಸಿದರು; ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2022ರ ಫೆಬ್ರವರಿಯಲ್ಲಿ ಅದು ಆಚರಣೆಗೆ ಬಂದಿತು. ಕೋಸು, ಟೊಮ್ಯಾಟೊ, ಆಲೂಗೆಡ್ಡೆಗಳನ್ನು ಬೆಳೆದು ಘಟ್ಟದ ಕೆಳಗಣ ಸಂತೆಗೆ ಕಳಿಸುವ ನಮ್ಮ ರೈತರು ಅಂಗಡಿ ಮುಚ್ಚಿ ಬೀದಿಗೆ ಇಳಿದರು. ಸ್ಥಳೀಯರಿಗೆ ಕೆಲವು ವಿನಾಯಿತಿಗಳು ತರುವಾಯ ದೊರೆತುವು. ಕಾಡಿನ ಪ್ರಾಣಿಗಳಿಗೆ ರಾತ್ರಿ ಸಲ್ಲಬೇಕೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಜಿಲ್ಲೆಯ ಆಸ್ಪತ್ರೆ, ನ್ಯಾಯಸ್ಥಾನ, ಮಾರುಕಟ್ಟೆಗಳೆಲ್ಲವೂ ಇಪ್ಪತ್ತೇಳು ತಿರುವುಗಳ ಕೆಳಗಿರುವಾಗ ಇತರರಿಗೆ ದಾರಿಯಾಗಿರುವುದು ನಮಗೆ ಮನೆಯ ಬಾಗಿಲಾಗಿರುತ್ತದೆ.

ಕೊನೆಗೆ ನಮ್ಮ ತರಗತಿಯ ಒಂದು ಸಂಗತಿ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ದಾರಿಯ ಊರುಗಳನ್ನು ಕ್ರಮವಾಗಿ ಬರೆಯಿರೆಂದು ಹೇಳಿದೆವು. ಒಬ್ಬ ಬಾಲಕಿ ಮುತ್ತಿನಂತಹ ಅಕ್ಷರಗಳಲ್ಲಿ ‘ಆಸನೂರು’ ಎಂದು ಬರೆದಿದ್ದಳು. ನಾವು ಕೆಂಪು ಮಸಿಯಲ್ಲಿ ‘ಹಾ’ ಎಂದು ತಿದ್ದಿದೆವು. “ಹಲಗೆಯ ಮೇಲೆ ಹಾಗೆಯೇ ಇದೆಯಲ್ಲ, ಸಾರ್” ಎಂದಳು. ಅವಳ ಮಾತು ನಿಜ. ತಮಿಳಿನ ಬರಹದಲ್ಲಿ ಆ ಹಕಾರಕ್ಕೆ ಎಡೆಯಿಲ್ಲ. ಹಲಗೆಯನ್ನು ಬರೆದವನ ತಪ್ಪೂ ಅಲ್ಲ. ಅಂದು ನಾವು ಪಾಠವನ್ನು ಮುಂದುವರಿಸಲಿಲ್ಲ. ದಿಂಬವು ನಮ್ಮ ದಿಬ್ಬವೇ ಆಗಿರಬೇಕೆಂದು ನಮಗೆ ತೋರುತ್ತದೆ. ಹಾಗೆಂದು ಆ ಮಗುವಿಗೆ ಹೇಳಿದವರು ಯಾರೂ ಇರಲಿಲ್ಲ, ನಾವೂ ಹೇಳಿರಲಿಲ್ಲ. ಗಜ್ಜಲಹಟ್ಟಿಯ ಹೆಸರನ್ನು ಆ ತರಗತಿಯಲ್ಲಿ ಒಬ್ಬರೂ ಕೇಳಿರಲಿಲ್ಲ.

ಆ ದಿನದಿಂದ ನಾವೂ ನಮ್ಮ ವಿದ್ಯಾರ್ಥಿಗಳೂ ಒಂದು ಪುಸ್ತಕವನ್ನಿಟ್ಟುಕೊಂಡು, ಈ ದಾರಿಯ ಹಳ್ಳ, ಹಟ್ಟಿ, ದಿಣ್ಣೆ, ತಿರುವುಗಳಿಗೆ ಸೋಲಿಗರೂ ಊರಾಳಿಗಳೂ ನಮ್ಮ ಹಿರಿಯರೂ ಹೇಳುವ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದೇವೆ. ಸಭೆ ಮುಗಿದ ಮೇಲೆ ಆ ಪುಸ್ತಕದೊಡನೆ ಬಾಗಿಲ ಬಳಿ ಕುಳಿತಿರುತ್ತೇವೆ. ಎಡಗಡೆಯ ಸಾಲಿನಲ್ಲಿ ಕುಳಿತಿರುವ ಅಜ್ಜಂದಿರು ಊಟಕ್ಕೆ ಏಳುವ ಮುನ್ನ ತಮಗೆ ನೆನಪಿರುವಷ್ಟನ್ನು ಹೇಳಿ ಹೋಗಬೇಕೆಂದು ಪ್ರಾರ್ಥಿಸುತ್ತೇವೆ.