ಮಕ್ಕಳ ಪ್ರಶ್ನೆಗೆ ಗದರದಿರೋಣ



ಬೇಸಿಗೆ ರಜೆಯಲ್ಲಿ ಝುಹರ್ ನಮಾಝಿನ ಬಳಿಕ ನಾವು ಮಕ್ಕಳಿಗೆ ಒಂದೊಂದು ಗಂಟೆಯ ತರಗತಿ ನಡೆಸಿದೆವು. ಒಂದು ದಿನ ಹೊಲಿಗೆ ಯಂತ್ರದ ರಿಪೇರಿ, ಇನ್ನೊಂದು ದಿನ ಆಸ್ತಿ ಪಾಲಿನ ಲೆಕ್ಕ. ಅಲ್ ಖ್ವಾರಿಝ್ಮಿಯವರ ಬೀಜಗಣಿತ ಗ್ರಂಥದಲ್ಲೂ ಈ ಲೆಕ್ಕವಿದೆ.

ಮೇ 28ರಂದು ಮಧ್ಯಾಹ್ನ 2.48ಕ್ಕೆ ಅಂಗಳದಲ್ಲಿ ಕೋಲು ನೆಟ್ಟೆವು. ಆಗ ಸೂರ್ಯ ಕಅಬಾದ ನೆತ್ತಿಯ ಮೇಲಿರುತ್ತಾನೆ. ನೆರಳಿಗೆ ಎದುರು ದಿಕ್ಕೇ ಕಿಬ್ಲಾ. ಪುಟ್ಟ ಹುಡುಗಿಯೊಬ್ಬಳು, "ದಿನಾಲೂ ಯಾಕೆ ಹೀಗಾಗಲ್ಲ ಉಸ್ತಾದ್?" ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ. ಹಿಂದಾಗಿದ್ದರೆ "ಸುಮ್ಮನೆ ಕೂತ್ಕೋ" ಎನ್ನುತ್ತಿದ್ದೆವು. ಎಷ್ಟೋ ಮಕ್ಕಳನ್ನು ಹಾಗೆ ಗದರಿಸಿದ್ದೇವೆ, ಅಲ್ಲಾಹನು ಕ್ಷಮಿಸಲಿ. ಮರುದಿನ ವಿಜ್ಞಾನದ ಟೀಚರ್ ಗ್ಲೋಬ್ ತಂದು ಭೂಮಿ ಓರೆಯಾಗಿ ಸುತ್ತುವುದನ್ನು ತೋರಿಸಿದರು. ನಾವೂ ಮಕ್ಕಳ ಸಾಲಿನಲ್ಲೇ ಕುಳಿತೆವು.

ಬಂದ ಹೆಣ್ಣುಮಕ್ಕಳು ನಾಲ್ವರೇ. ಮುಂದಿನ ರಜೆಗೆ ಎಲ್ಲರನ್ನೂ ಕಳುಹಿಸಿ. ಮೆಕ್ಯಾನಿಕ್, ನರ್ಸ್, ಬಡಗಿ, ಯಾರಾದರೂ ಸರಿ, ಒಂದು ಗಂಟೆ ಕೊಡಿ.